ಅರ್ಧ ಬ್ಯಾಂಡಿಗೆ 57 ಅಂಕ! ನಾನು ಐಇಎಲ್‌ಟಿಎಸ್ ಬರೆದ ಕಥೆ



ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ತಟ್ಟೆಗೆ ಹೋಳಿಗೆ ಬೀಳುವ ಹೊತ್ತಿಗೆ ಹಿಂದಿನಿಂದ ಯಾರೋ ಭುಜ ತಟ್ಟಿದರು. ಶಾರ್ಲಟ್ ಕಡೆಯಿಂದ ಬಂದಿದ್ದ ಹುಡುಗಿ. "ಅಕ್ಕಾ, ನೀವು ಕೆನಡಾಗೆ ಅಂತ ಇಂಗ್ಲಿಷ್ ಪರೀಕ್ಷೆ ಬರೆದಿದ್ರಂತಲ್ಲ, ಅದಕ್ಕೆ ಓದೋದು ಏನಿರುತ್ತೆ? ನಾವು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೀವಿ. ಇವರಂತೂ ದಿನಾ ಮೀಟಿಂಗ್‌ನಲ್ಲಿ ಇಂಗ್ಲಿಷೇ ಮಾತಾಡೋದು" ಅಂದಳು. ನನಗೆ ನಗು ಬಂತು. 2018ರಲ್ಲಿ ನಾನೂ ಅಕ್ಷರಶಃ ಇದೇ ಮಾತು ಆಡಿದ್ದೆ. ಆ ಮಾತಿಗೆ ಎರಡು ಸಲ ಪರೀಕ್ಷೆಯ ಶುಲ್ಕ, ಒಂದು ಇಡೀ ಬೇಸಿಗೆ ಮತ್ತು ಸಾಕಷ್ಟು ಕಣ್ಣೀರು ತೆತ್ತೆ.

ಇದೇ ಪ್ರಶ್ನೆಯನ್ನು ಈಗಾಗಲೇ ನಾಲ್ಕೈದು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ತಿಳಿಸೋಣ ಎಂದು ಈ ಲೇಖನ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆಯೂ ಅಲ್ಲ, ಇಂಗ್ಲಿಷ್ ಮೇಷ್ಟ್ರೂ ಅಲ್ಲ. ಒಮ್ಮೆ ಎಡವಿ ಬಿದ್ದು, ಇನ್ನೊಮ್ಮೆ ಎದ್ದವಳು ಅಷ್ಟೇ.

ನಮಗ್ಯಾಕೆ ಬೇಕಾಯಿತು?

ಎಚ್-1ಬಿ ವೀಸಾಕ್ಕಾಗಲಿ, ಎಚ್-4 ವೀಸಾಕ್ಕಾಗಲಿ ಇಂಗ್ಲಿಷ್ ಪರೀಕ್ಷೆ ಇಲ್ಲ. ಹಾಗಾಗಿ ನಮ್ಮಲ್ಲಿ ಬಹಳ ಮಂದಿ ಅಂಥ ಪರೀಕ್ಷೆಯನ್ನು ಬರೆದೇ ಇರುವುದಿಲ್ಲ. ಇಲ್ಲಿಗೆ ಓದಲು ಬಂದವರು ಟೋಫೆಲ್ ಬರೆದಿರುತ್ತಾರೆ. ನರ್ಸ್ ಕೆಲಸಕ್ಕೆ ಬರುವವರು 1996ರ ಕಾನೂನಿನ ಪ್ರಕಾರ ವೀಸಾಸ್ಕ್ರೀನ್ ಎಂಬ ಪ್ರಮಾಣಪತ್ರ ಪಡೆಯಬೇಕು, ಅದಕ್ಕೆ ಇಂಗ್ಲಿಷ್ ಪರೀಕ್ಷೆ ಬೇಕು. ಸಾಫ್ಟ್‌ವೇರ್ ಸಂಸಾರಗಳಿಗೆ ಮಾತ್ರ ಈ ಕಾಟ ಇಲ್ಲ, ಕೆನಡಾದ ಕಡೆಗೋ ಆಸ್ಟ್ರೇಲಿಯಾದ ಕಡೆಗೋ ಕಣ್ಣು ಹಾಯಿಸುವ ತನಕ!

ನಾವು ಮೈಸೂರಿನಿಂದ ನಾರ್ತ್ ಕೆರೊಲಿನಾದ ಕೇರಿಗೆ ಬಂದದ್ದು 2008ರಲ್ಲಿ. (ಊರಿನ ಹೆಸರೇ ಕೇರಿ. ನಮ್ಮತ್ತೆಗೆ ಮೊದಲ ಸಲ ಹೇಳಿದಾಗ "ಯಾವ ಕೇರಿ?" ಎಂದೇ ಕೇಳಿದ್ದರು.) ಆಗ ಮಗಳಿಗೆ ಎರಡು ವರ್ಷ. ನಮ್ಮವರ ಕಂಪನಿ ಗ್ರೀನ್‌ಕಾರ್ಡಿಗೆ ಹಾಕಿದ್ದು 2012ರಲ್ಲಿ. ಒಂದು ದೇಶದವರಿಗೆ ವರ್ಷಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಇಲ್ಲ ಎಂಬ ಮಿತಿ ನಿಮಗೆಲ್ಲ ಗೊತ್ತೇ ಇದೆ. 2018ರ ಬೇಸಿಗೆಯಲ್ಲಿ ವೀಸಾ ಬುಲೆಟಿನ್‌ನ ಇಬಿ-2 ಭಾರತದ ಸಾಲು 2009ರ ಆಸುಪಾಸಿನಲ್ಲೇ ತೆವಳುತ್ತಿತ್ತು. ಮಗಳಿಗೆ 2027ರಲ್ಲಿ 21 ತುಂಬುತ್ತದೆ. ತುಂಬಿದ ದಿನ ಅವಳು ನಮ್ಮ ಎಚ್-4ರಿಂದ ಹೊರಗೆ. ಎರಡು ವರ್ಷದವಳಾಗಿ ಬಂದ ಮಗು, ಕನ್ನಡವನ್ನು "ಅಮ್ಮ, ಐ ಆಮ್ ಹಸಿವು" ಎಂದು ಮಾತಾಡುವ ಮಗು, ತಾನು ಬೆಳೆದ ಊರಿನಲ್ಲೇ ವಿದೇಶಿ ವಿದ್ಯಾರ್ಥಿ ವೀಸಾ ಹುಡುಕಬೇಕು.

ಇನ್ನೊಂದು ಆತಂಕ ನನ್ನದು. ಎಚ್-4ನವರಿಗೆ ಕೆಲಸದ ಪರವಾನಗಿ ಶುರುವಾದದ್ದು 2015ರ ಮೇ ತಿಂಗಳಲ್ಲಿ. ಏಳು ವರ್ಷ ಮನೆಯಲ್ಲಿ ಕೂತವಳಿಗೆ ಆ ಅಕ್ಟೋಬರ್‌ನಲ್ಲಿ ಒಂದು ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತ್ತು. ಆದರೆ ಆ ಪರವಾನಗಿಯನ್ನು ರದ್ದು ಮಾಡುವ ಯೋಜನೆ ಇದೆ ಎಂದು 2017ರ ಕೊನೆಯಲ್ಲಿ ಸರ್ಕಾರ ಪ್ರಕಟಿಸಿತು. (ಆ ಪ್ರಸ್ತಾಪವನ್ನು 2021ರ ಜನವರಿಯಲ್ಲಿ ಕೈಬಿಟ್ಟರು. ಆದರೆ 2018ರಲ್ಲಿ ಅದು ನಮಗೆ ಹೇಗೆ ಗೊತ್ತಾಗಬೇಕು?) ಒಂದು ರಾತ್ರಿ ನಮ್ಮವರು "ಕೆನಡಾಗೆ ಹಾಕೋಣವಾ?" ಎಂದರು. ಹಾಕೋಣ ಎಂದೆ.

ಯಾರ ಹೆಸರಿನಲ್ಲಿ ಅರ್ಜಿ?

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಶುರುವಾದದ್ದು 2015ರ ಜನವರಿಯಲ್ಲಿ. ವಯಸ್ಸು, ಓದು, ಅನುಭವ, ಭಾಷೆ ಎಲ್ಲಕ್ಕೂ ಅಂಕ. ಆಗಾಗ ಒಂದು ಸುತ್ತು ನಡೆಸಿ, ಇಷ್ಟು ಅಂಕದ ಮೇಲಿರುವವರು ಅರ್ಜಿ ಹಾಕಿ ಎಂದು ಕರೆಯುತ್ತಾರೆ. 2018ರಲ್ಲಿ ಆ ಗೆರೆ 440ರ ಆಸುಪಾಸಿನಲ್ಲಿ ಆಡುತ್ತಿತ್ತು.

ಸಹಜವಾಗಿ ನಮ್ಮವರ ಹೆಸರಿನಲ್ಲೇ ಅರ್ಜಿ ಎಂದುಕೊಂಡಿದ್ದೆವು. ಲೆಕ್ಕ ಹಾಕಿ ನೋಡಿದರೆ ಎಲ್ಲ ತಲೆಕೆಳಗು! ಅವರಿಗೆ ಆಗ 42. ಸಂಗಾತಿಯ ಜೊತೆ ಅರ್ಜಿ ಹಾಕುವವರಿಗೆ 42ನೇ ವಯಸ್ಸಿಗೆ ಸಿಗುವುದು 25 ಅಂಕ. ನನಗೆ 36, ಅದಕ್ಕೆ 65. ಅವರದ್ದು ಬಿ.ಇ., ನನ್ನದು ಮಾನಸಗಂಗೋತ್ರಿಯ ಎಂ.ಎಸ್ಸಿ. ಅಕ್ಟೋಬರ್ ಬಂದರೆ ನನ್ನ ಲ್ಯಾಬ್ ಕೆಲಸಕ್ಕೂ ಮೂರು ವರ್ಷ. ಹತ್ತು ವರ್ಷ "ಡಿಪೆಂಡೆಂಟ್" ಎಂಬ ಖಾನೆಯಲ್ಲಿ ಹೆಸರು ಬರೆಸಿಕೊಂಡವಳು ಈಗ ಮುಖ್ಯ ಅರ್ಜಿದಾರಳು. ಖುಷಿಯೂ ಆಯಿತು, ಹೊಟ್ಟೆಯಲ್ಲಿ ತಳಮಳವೂ ಆಯಿತು. ಏಕೆಂದರೆ ಇನ್ನು ಉಳಿದದ್ದು ಭಾಷೆ ಒಂದೇ, ಅದು ನನ್ನ ಕೈಯಲ್ಲಿತ್ತು.

ಇಲ್ಲಿ ಒಂದು ಮಾತು. "ನಾನು ಇಂಗ್ಲಿಷ್ ಮೀಡಿಯಂ" ಎನ್ನುವ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಅಮೆರಿಕನ್ ಪ್ರಜೆ ಎಕ್ಸ್‌ಪ್ರೆಸ್ ಎಂಟ್ರಿಗೆ ಹಾಕಿದರೂ ಭಾಷಾ ಪರೀಕ್ಷೆ ಬರೆಯಲೇಬೇಕು. ಇದು ತಿಳಿದ ಮೇಲೆ ನನ್ನ ಅರ್ಧ ಬೇಸರ ಕಡಿಮೆಯಾಯಿತು.

ಅಟ್ಲಾಂಟಾ ಯಾತ್ರೆ

ಐಇಎಲ್‌ಟಿಎಸ್‌ನಲ್ಲಿ ಎರಡು ಬಗೆ. ಅಕಾಡೆಮಿಕ್ ಎಂಬುದು ಕಾಲೇಜಿಗೆ ಸೇರುವವರಿಗೆ. ಕೆನಡಾದ ವಲಸೆಗೆ ಬೇಕಾದದ್ದು ಜನರಲ್ ಟ್ರೈನಿಂಗ್. ತಪ್ಪಿ ಅಕಾಡೆಮಿಕ್ ಬುಕ್ ಮಾಡಿ ದುಡ್ಡು ಕಳೆದುಕೊಂಡವರನ್ನು ನಾನು ಬಲ್ಲೆ. ನೋಡಿ ಬುಕ್ ಮಾಡಿ.

ನಮಗೆ ಬೇಕಾದ ತಾರೀಖು ಹತ್ತಿರದಲ್ಲಿ ಸಿಗಲಿಲ್ಲ, ಅಟ್ಲಾಂಟಾದಲ್ಲಿ ಸಿಕ್ಕಿತು. ಜೂನ್ ತಿಂಗಳ ಒಂದು ಶುಕ್ರವಾರ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಐ-85 ಹಿಡಿದೆವು. ಸುಮಾರು 400 ಮೈಲಿ. ಗ್ಯಾಫ್ನಿಯ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕಿನ ಹತ್ತಿರ ಮಗಳು ಫೋಟೋ ತೆಗೆದಳು. ನಾನು ದಾರಿಯುದ್ದಕ್ಕೂ ಪುಸ್ತಕ ತೆರೆಯಲಿಲ್ಲ, ನಿದ್ದೆ ಮಾಡಿದೆ. ಅಷ್ಟು ಧೈರ್ಯ!

ಪರೀಕ್ಷೆ ಹೇಗಿರುತ್ತದೆ ಎಂದರೆ, ಆಲಿಸುವುದು ಅರ್ಧ ಗಂಟೆ, 40 ಪ್ರಶ್ನೆ. ಓದುವುದು ಒಂದು ಗಂಟೆ, 40 ಪ್ರಶ್ನೆ. ಬರೆಯುವುದು ಒಂದು ಗಂಟೆ, ಅದರಲ್ಲಿ ಒಂದು ಪತ್ರ ಮತ್ತು ಒಂದು ಪ್ರಬಂಧ. ಮಾತಾಡುವುದು 11ರಿಂದ 14 ನಿಮಿಷ, ಪರೀಕ್ಷಕರ ಎದುರು ಕೂತು. ಒಂದೊಂದಕ್ಕೂ 9ರ ತನಕ ಬ್ಯಾಂಡ್, ಅರ್ಧರ್ಧ ಮೆಟ್ಟಿಲು. ನಮಗಾಗ ಪೇಪರ್ ಮತ್ತು ಪೆನ್ಸಿಲ್. ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೆನಪಾಯಿತು. ವಾಚು, ಫೋನು ಎಲ್ಲ ಹೊರಗೆ. ಕೈಯಲ್ಲಿ ಪಾಸ್‌ಪೋರ್ಟ್ ಮಾತ್ರ.

ಹದಿಮೂರು ದಿನದ ಮೇಲೆ ಫಲಿತಾಂಶ ಬಂತು. ಆಲಿಸುವುದು 8.5, ಓದುವುದು 8, ಮಾತು 7.5, ಬರವಣಿಗೆ 6.5. ನಮ್ಮವರು ನೋಡಿ "ಸಕತ್ತಾಗಿದೆಯಲ್ಲ!" ಎಂದರು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಅಂಕದ ಪಟ್ಟಿ ತೆಗೆದು ಕೂತೆವು.

ಅರ್ಧ ಬ್ಯಾಂಡಿನ ಲೆಕ್ಕ

ಇದೇ ಈ ಲೇಖನದ ಮುಖ್ಯ ಭಾಗ. ದಯವಿಟ್ಟು ನಿಧಾನವಾಗಿ ಓದಿ.

ಕೆನಡಾದವರು ಐಇಎಲ್‌ಟಿಎಸ್ ಬ್ಯಾಂಡನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಸಿಎಲ್‌ಬಿ ಎಂಬ ತಮ್ಮ ಅಳತೆಗೆ ಬದಲಾಯಿಸುತ್ತಾರೆ. ಕನಿಷ್ಠ ಅರ್ಹತೆ ಸಿಎಲ್‌ಬಿ 7, ಅಂದರೆ ನಾಲ್ಕರಲ್ಲೂ 6. ಆದರೆ ಅರ್ಹತೆ ಬೇರೆ, ಕರೆ ಬರುವುದು ಬೇರೆ. ನಿಜವಾದ ಬಾಗಿಲು ಸಿಎಲ್‌ಬಿ 9. ಅದಕ್ಕೆ ಆಲಿಸುವುದರಲ್ಲಿ 8, ಉಳಿದ ಮೂರರಲ್ಲೂ 7 ಬರಬೇಕು. ನಾಲ್ಕರಲ್ಲಿ ಒಂದೂ ಕೆಳಗಿರಬಾರದು.

ನನ್ನ ಬರವಣಿಗೆ 6.5, ಅಂದರೆ ಸಿಎಲ್‌ಬಿ 8. ಅದಕ್ಕೆ 29ರ ಬದಲು 22 ಅಂಕ. ಏಳು ಅಂಕ ತಾನೇ ಎನ್ನಬೇಡಿ. ಓದು ಮತ್ತು ಭಾಷೆ ಸೇರಿದರೆ ಇನ್ನೊಂದು 50 ಅಂಕ, ಹೊರದೇಶದ ಮೂರು ವರ್ಷದ ಅನುಭವ ಮತ್ತು ಭಾಷೆ ಸೇರಿದರೆ ಮತ್ತೊಂದು 50 ಅಂಕ ಕೊಡುತ್ತಾರೆ. ಆದರೆ ಎರಡಕ್ಕೂ ಷರತ್ತು, ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ 9 ಇರಬೇಕು. ಒಂದರಲ್ಲಿ ತಪ್ಪಿದರೂ 50 ಹೋಗಿ 25, ಇನ್ನೊಂದು 50 ಹೋಗಿ 25. ಒಟ್ಟು ನಷ್ಟ 7 ಮತ್ತು 25 ಮತ್ತು 25, ಅಂದರೆ 57! ನನ್ನ ಮೊತ್ತ 385ಕ್ಕೆ ನಿಂತಿತು. ಗೆರೆ 440.

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಸೋತದ್ದು ಲೆಕ್ಕದಲ್ಲಿ ಎಂದು ತಲೆಗೆ ಗೊತ್ತು. ಮನಸ್ಸಿಗೆ ಮಾತ್ರ "ನಿನಗೆ ಇಂಗ್ಲಿಷ್ ಬರುವುದಿಲ್ಲ" ಎಂದು ಯಾರೋ ಮುಖದ ಮೇಲೆ ಹೇಳಿದ ಹಾಗಿತ್ತು. ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದವರಿಗೆ ಈ ಗಾಯ ಎಲ್ಲಿರುತ್ತದೆ ಎಂದು ಗೊತ್ತು. ಮೇಲಾಗಿ ಜನವರಿಯಲ್ಲಿ ನನಗೆ 37 ತುಂಬುತ್ತಿತ್ತು. ತುಂಬಿದರೆ ಇನ್ನೂ 5 ಅಂಕ ಖೋತಾ. ಅಷ್ಟರೊಳಗೆ ಏನಾದರೂ ಆಗಬೇಕು.

ಮರುಮೌಲ್ಯಮಾಪನಕ್ಕೂ ಅವಕಾಶವಿದೆ. ಅಂಕ ಬದಲಾದರೆ ಶುಲ್ಕ ವಾಪಸ್. ಆದರೆ ನನ್ನ ಪತ್ರಿಕೆ ನನಗೆ ಗೊತ್ತಿತ್ತು, ತಪ್ಪು ನನ್ನದೇ. ಹಾಗಾಗಿ ಸೆಪ್ಟೆಂಬರ್‌ಗೆ ಮತ್ತೆ ಬುಕ್ ಮಾಡಿದೆ. ಈ ಸಲ ವಾಷಿಂಗ್ಟನ್ ಡಿ.ಸಿ. ಹತ್ತಿರ.

ಎಡವಿದ್ದು ಎಲ್ಲಿ?

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಇದ್ದರು. ಅವರ ಬಾಗಿಲು ತಟ್ಟಿ ನಾನು ಬರೆದ ಎರಡು ಅಭ್ಯಾಸ ಪ್ರಬಂಧ ತೋರಿಸಿದೆ. ಅವರು ಓದಿ ಒಂದೇ ಮಾತು ಕೇಳಿದರು. "ನಿನ್ನ ಅಭಿಪ್ರಾಯ ಏನು ಅಂತ ನನಗೆ ಗೊತ್ತಾಗಿದ್ದು ಕೊನೆಯ ಪ್ಯಾರಾದಲ್ಲಿ. ಮೊದಲ ಪ್ಯಾರಾದಲ್ಲಿ ಯಾಕೆ ಹೇಳಲಿಲ್ಲ?"

ಆಗ ಹೊಳೆಯಿತು. ನಮ್ಮ ಮೇಷ್ಟ್ರು ಕಲಿಸಿದ್ದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪೀಠಿಕೆಗೆ ಒಂದು ಗಾದೆ, "ಇಂದಿನ ಆಧುನಿಕ ಯುಗದಲ್ಲಿ" ಎಂದು ಒಂದು ಸುತ್ತು, ಕೊನೆಗೆ ಮೆಲ್ಲಗೆ ನಮ್ಮ ಅಭಿಪ್ರಾಯ. ನಾನು ಇಂಗ್ಲಿಷಿನಲ್ಲಿ ಕನ್ನಡ ಪ್ರಬಂಧ ಬರೆದಿದ್ದೆ! ಕನ್ನಡದಲ್ಲಿ ಅದು ಚೆಂದವೇ. ಆದರೆ ಈ ಪರೀಕ್ಷಕರು ನೋಡುವುದು ನಾಲ್ಕು ಸಂಗತಿ: ಕೇಳಿದ್ದಕ್ಕೆ ಉತ್ತರ ಇದೆಯೇ, ಒಂದರಿಂದ ಒಂದಕ್ಕೆ ಹೊಂದಿಕೆ ಇದೆಯೇ, ಪದಸಂಪತ್ತು, ವ್ಯಾಕರಣ. ಅಲಂಕಾರಕ್ಕೆ ಐದನೆಯ ಖಾನೆ ಇಲ್ಲ.

ಆ ಬೇಸಿಗೆಯಲ್ಲಿ ಕಲಿತದ್ದನ್ನು ವಿಭಾಗವಾರು ಹೇಳುತ್ತೇನೆ.

ಬರವಣಿಗೆ: ಪತ್ರಕ್ಕೆ ಕನಿಷ್ಠ 150 ಪದ, ಪ್ರಬಂಧಕ್ಕೆ ಕನಿಷ್ಠ 250. ಪ್ರಬಂಧಕ್ಕೆ ಪತ್ರದ ಎರಡರಷ್ಟು ತೂಕ. ನಾನು ಅಟ್ಲಾಂಟಾದಲ್ಲಿ ಪತ್ರಕ್ಕೇ 35 ನಿಮಿಷ ಕೊಟ್ಟು, ಪ್ರಬಂಧದ ಕೊನೆಯನ್ನು ಓಡುತ್ತಾ ಬರೆದಿದ್ದೆ. ಪತ್ರ 20 ನಿಮಿಷ, ಪ್ರಬಂಧ 40 ನಿಮಿಷ, ಅಡುಗೆ ಮನೆಯ ಟೈಮರ್ ಇಟ್ಟು ಅಭ್ಯಾಸ ಮಾಡಿ. ಪತ್ರದ ಪ್ರಶ್ನೆಯಲ್ಲಿ ಮೂರು ಅಂಶ ಕೊಟ್ಟಿರುತ್ತಾರೆ, ಮೂರಕ್ಕೂ ಉತ್ತರ ಬರೆಯಬೇಕು. ಪ್ರಬಂಧದಲ್ಲಿ ನಿಮ್ಮ ನಿಲುವು ಮೊದಲ ಪ್ಯಾರಾದಲ್ಲೇ ಇರಲಿ, ಪ್ರತಿ ಪ್ಯಾರಾಕ್ಕೆ ಒಂದು ವಿಚಾರ, ಒಂದು ಉದಾಹರಣೆ. ಅಮೆರಿಕನ್ ಕಾಗುಣಿತ ಬರೆದರೂ ತಪ್ಪಲ್ಲ. ಆದರೆ ಒಮ್ಮೆ ಅಮೆರಿಕದ್ದು, ಒಮ್ಮೆ ಬ್ರಿಟಿಷ್ ಎಂದು ಬೆರೆಸಬೇಡಿ.

ಆಲಿಸುವುದು: ಧ್ವನಿ ಒಂದೇ ಸಲ ಕೇಳಿಸುತ್ತಾರೆ. ನಮ್ಮ ಕಿವಿ ಈಗ ಅಮೆರಿಕನ್ ಉಚ್ಚಾರಕ್ಕೆ ಒಗ್ಗಿದೆ, ಅಲ್ಲಿ ಬರುವುದು ಬ್ರಿಟನ್, ಆಸ್ಟ್ರೇಲಿಯಾದ ದನಿಗಳೂ. ಬಿಬಿಸಿ ರೇಡಿಯೋ ಕೇಳಿ. "ಎರಡು ಪದಕ್ಕಿಂತ ಹೆಚ್ಚಿಲ್ಲದಂತೆ" ಎಂದರೆ ಎರಡೇ ಪದ. ಮೂರು ಬರೆದರೆ, ಉತ್ತರ ಸರಿಯಿದ್ದರೂ ಸೊನ್ನೆ. ಕಾಗುಣಿತ ತಪ್ಪಿದರೂ ಸೊನ್ನೆ. ಸಿಎಲ್‌ಬಿ 9ಕ್ಕೆ ಬೇಕಾದ 8 ಬರಬೇಕಾದರೆ 40ರಲ್ಲಿ ಸುಮಾರು 35 ಸರಿಯಿರಬೇಕು. ಒಂದು ಉತ್ತರ ತಪ್ಪಿಹೋದರೆ ಅಲ್ಲೇ ಬಿಡಿ. ಅದನ್ನೇ ಯೋಚಿಸುತ್ತಾ ಕೂತರೆ ಮುಂದಿನ ಎರಡೂ ಹೋಗುತ್ತವೆ.

ಓದುವುದು: ಇಲ್ಲಿ "ಸರಿ", "ತಪ್ಪು" ಅಲ್ಲದೆ "ಹೇಳಿಲ್ಲ" ಎಂಬ ಮೂರನೇ ಉತ್ತರವಿರುವ ಪ್ರಶ್ನೆಗಳು ಬರುತ್ತವೆ. ನಮಗೆ ಲೋಕಜ್ಞಾನದಿಂದ ಗೊತ್ತಿರುವುದನ್ನು ತುಂಬಿಬಿಡುವ ಚಾಳಿ. ಆ ಹಾಳೆಯಲ್ಲಿ ಬರೆದಿಲ್ಲವೆಂದರೆ "ಹೇಳಿಲ್ಲ" ಎಂದೇ ಉತ್ತರ.

ಮಾತು: ನಮ್ಮ ಉಚ್ಚಾರದ ಬಗ್ಗೆ ಹೆದರಬೇಡಿ. ಕೇಳುವವರಿಗೆ ಅರ್ಥವಾಗಬೇಕು, ಅಷ್ಟೇ. ಅಮೆರಿಕನ್ ದನಿ ನಟಿಸಿ ತೊದಲುವುದಕ್ಕಿಂತ ಮೈಸೂರಿನ ಇಂಗ್ಲಿಷ್ ಸಾವಿರ ಪಾಲು ಮೇಲು. ಕಾಡುವುದು ನಮ್ಮ ಊರಿನ ವ್ಯಾಕರಣ: "ಐ ಆಮ್ ಹ್ಯಾವಿಂಗ್ ಒನ್ ಡಾಟರ್", "ಡಿಸ್ಕಸ್ ಅಬೌಟ್", "ರಿಟರ್ನ್ ಬ್ಯಾಕ್", ಕೊನೆಗೊಂದು "ಓನ್ಲಿ". ನಾನು ಫೋನಿನಲ್ಲಿ ನನ್ನ ಮಾತನ್ನೇ ರೆಕಾರ್ಡ್ ಮಾಡಿ ಕೇಳಿಸಿಕೊಂಡೆ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಎರಡನೇ ಭಾಗದಲ್ಲಿ ಒಂದು ವಿಷಯದ ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ಎರಡು ನಿಮಿಷ ಎಷ್ಟು ಉದ್ದ ಎಂಬುದು ಮಾತಾಡಿ ನೋಡಿದವರಿಗೇ ಗೊತ್ತು!

ನಮ್ಮವರ ಪರೀಕ್ಷೆ

ಸಂಗಾತಿಯ ಇಂಗ್ಲಿಷ್‌ಗೂ 20ರ ತನಕ ಅಂಕ ಇದೆ. ಹಾಗಾಗಿ ಅವರೂ ಬರೆದರು. ದಿನಕ್ಕೆ ನಲವತ್ತು ಇಮೇಲ್ ಬರೆಯುವ ಮನುಷ್ಯ, ಪ್ರಬಂಧವನ್ನೂ ಇಮೇಲ್ ತರಹ ತುಂಡು ತುಂಡು ಸಾಲಿನಲ್ಲಿ ಬರೆದು ಬಂದಿದ್ದರು. ಬರವಣಿಗೆಯಲ್ಲಿ ಅವರಿಗೂ 6.5, ಉಳಿದದ್ದೆಲ್ಲ ಸರಿ. ಇದರಿಂದ ನಮಗೆ ಹೋದದ್ದು 2 ಅಂಕ ಮಾತ್ರ. "ರೀ, ನೀವೂ ಇನ್ನೊಂದ್ಸಲ ಬರೀರಿ" ಎಂದೆ. "ನಿನ್ನದು ಐವತ್ತೇಳು, ನನ್ನದು ಎರಡು. ಆ ಹೊತ್ತಿನಲ್ಲಿ ಅಡುಗೆ ನಾನು ನೋಡ್ಕೋತೀನಿ, ನೀನು ಓದು" ಎಂದರು. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ದಿನವೂ ಉಪ್ಪಿಟ್ಟು ಅಥವಾ ಚಿತ್ರಾನ್ನ. ಯಾರೂ ದೂರಲಿಲ್ಲ.

ಇನ್ನೊಂದು ತೊಡಕು ಹೆಸರಿನದು. ನಮ್ಮ ಕನ್ನಡಿಗರಲ್ಲಿ ಸರ್‌ನೇಮ್ ಖಾನೆ ಖಾಲಿ ಇರುವ ಪಾಸ್‌ಪೋರ್ಟ್ ಎಷ್ಟೋ ಇವೆ. ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲ ಒಂದೊಂದು ಕಾಗದದಲ್ಲಿ ಒಂದೊಂದು ತರಹ. ಪರೀಕ್ಷೆಗೆ ಬುಕ್ ಮಾಡುವ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿದ್ದರೆ ಮೊದಲು ಅದನ್ನು ಮಾಡಿಸಿಕೊಂಡು ಆಮೇಲೆ ಬುಕ್ ಮಾಡಿ. ನೆನಪಿರಲಿ, ನಾರ್ತ್ ಕೆರೊಲಿನಾದವರಿಗೆ ವಾಷಿಂಗ್ಟನ್ನಿನ ರಾಯಭಾರ ಕಚೇರಿ, ಸೌತ್ ಕೆರೊಲಿನಾದವರಿಗೆ ಅಟ್ಲಾಂಟಾದ ಕಾನ್ಸುಲೇಟ್.

ಐ-95ರಲ್ಲಿ ಒಂದು ಪಾಠ

ಸೆಪ್ಟೆಂಬರ್‌ನಲ್ಲಿ ರಾಕಿ ಮೌಂಟ್ ಕಡೆಯಿಂದ ಐ-95 ಹಿಡಿದು ಹೊರಟೆವು. ವರ್ಜೀನಿಯಾ ಗಡಿಗೆ ಸ್ವಲ್ಪ ಮುಂಚೆ ನಾರ್ತ್ಯಾಂಪ್ಟನ್ ಕೌಂಟಿ ಬರುತ್ತದೆ. ಮಗಳು ಹಿಂದಿನ ಸೀಟಿನಿಂದ ಶಾಲೆಯಲ್ಲಿ ಓದಿದ್ದನ್ನು ಹೇಳತೊಡಗಿದಳು. ನಾರ್ತ್ ಕೆರೊಲಿನಾದಲ್ಲಿ 1900ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು, ಮತ ಹಾಕಬೇಕಾದರೆ ಓದು ಬರಹದ ಪರೀಕ್ಷೆ ಎಂದು ಮಾಡಿದರಂತೆ. ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಡಲು. ಇದೇ ನಾರ್ತ್ಯಾಂಪ್ಟನ್ ಕೌಂಟಿಯ ಲೂಯಿಸ್ ಲಾಸಿಟರ್ ಎಂಬ ಕಪ್ಪು ಮಹಿಳೆ ಆ ಪರೀಕ್ಷೆಯನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದರು. 1959ರಲ್ಲಿ ಸುಪ್ರೀಂ ಕೋರ್ಟು ಪರೀಕ್ಷೆಯ ಪರವಾಗಿಯೇ ತೀರ್ಪು ಕೊಟ್ಟಿತು. ಕೊನೆಗೆ ಅಂಥ ಪರೀಕ್ಷೆಗಳಿಗೆ ತಡೆ ಬಿದ್ದದ್ದು 1965ರ ಮತದಾನ ಹಕ್ಕು ಕಾನೂನಿನಿಂದ. ನಮ್ಮಂಥವರು ಈ ದೇಶಕ್ಕೆ ಬರಲು ಬಾಗಿಲು ತೆರೆದ ವಲಸೆ ಕಾನೂನೂ ಅದೇ 1965ರದ್ದು.

ಇದನ್ನು ಕೇಳಿದ ಮೇಲೆ ನಾನು ಮನೆಗೆ ಬಂದು ಇನ್ನಷ್ಟು ಓದಿದೆ. 1917ರಲ್ಲಿ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ವಿಲ್ಸನ್ನರ ವಿಟೋವನ್ನೂ ಮೀರಿ ಒಂದು ವಲಸೆ ಕಾನೂನು ಮಾಡಿದರು. ಅದರಂತೆ 16 ದಾಟಿದವರು 30ರಿಂದ 40 ಪದ ಓದಿ ತೋರಿಸಬೇಕು. ತಮಾಷೆಯೆಂದರೆ ಅದು ಯಾವ ಭಾಷೆಯಲ್ಲಾದರೂ ಆಗಬಹುದಿತ್ತು. ಕನ್ನಡದಲ್ಲೂ ಓದಿ ಒಳಗೆ ಬರಬಹುದಿತ್ತು ಎಂದುಕೊಂಡೆ. ಆದರೆ ಅದೇ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ದೊಡ್ಡ ಭಾಗಕ್ಕೆ ಬಾಗಿಲೇ ಹಾಕಿಬಿಟ್ಟಿತ್ತು! ಆಸ್ಟ್ರೇಲಿಯಾ ಇನ್ನೂ ಒಂದು ಕೈ ಮೇಲೆ. ಅಲ್ಲಿ 1901ರಿಂದ 1958ರ ತನಕ ಬೇಡವಾದವರಿಗೆ ಅಧಿಕಾರಿ ಉಕ್ತಲೇಖನ ಕೊಡುತ್ತಿದ್ದ. 1934ರಲ್ಲಿ ಎಗಾನ್ ಕಿಶ್ ಎಂಬ ಬಹುಭಾಷಾ ಪತ್ರಕರ್ತ ಬಂದಾಗ, ಅವನನ್ನು ಹೇಗಾದರೂ ಫೇಲು ಮಾಡಬೇಕೆಂದು ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು.

ಈಗಿನ ಪರೀಕ್ಷೆಗಳು ಹಾಗಿಲ್ಲ. ನಿಯಮ ಎಲ್ಲರಿಗೂ ಒಂದೇ, ಮೊದಲೇ ಪ್ರಕಟವಾಗಿರುತ್ತದೆ, ಓದಿ ಬಂದವರು ದಾಟುತ್ತಾರೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಯಿತು. ಬಾಗಿಲಿನ ಪರೀಕ್ಷೆ ಬಾಗಿಲಿಗೆ ಸಂಬಂಧಪಟ್ಟದ್ದು. ನಾನು ಎಷ್ಟರವಳು ಎಂದು ಹೇಳುವ ಅಧಿಕಾರ ಅದಕ್ಕಿಲ್ಲ. ಆ ಭಾರ ಇಳಿಸಿಕೊಂಡ ಮೇಲೆ ನಿಯಮ ಕಲಿಯುವುದು ಸುಲಭವಾಯಿತು.

ಫೇರ್‌ಫ್ಯಾಕ್ಸ್‌ನಲ್ಲಿ ದೊಡ್ಡಮ್ಮನ ಮಗಳು ಅಕ್ಕನ ಮನೆಯಲ್ಲಿ ಉಳಿದೆವು. ಬೆಳಗ್ಗೆ ಅಕ್ಕ ಮೊಸರು ಸಕ್ಕರೆ ಕೈಗಿಟ್ಟು ಕಳಿಸಿದಳು. ಮಾತಿನ ಪರೀಕ್ಷೆಯಲ್ಲಿ ಒಂದು ಪ್ರಯಾಣದ ಬಗ್ಗೆ ಹೇಳಿ ಎಂದರು. ಮೈಸೂರಿನಿಂದ ಮಡಿಕೇರಿಗೆ ಮಳೆಯಲ್ಲಿ ಕೆಂಪು ಬಸ್ಸಿನಲ್ಲಿ ಹೋದ ಕಥೆ ಹೇಳಿದೆ. ಎರಡು ನಿಮಿಷ ಸಾಲಲೇ ಇಲ್ಲ! ಪ್ರಬಂಧವನ್ನು ಐದು ನಿಮಿಷ ಮುಂಚೆ ಮುಗಿಸಿ, "ದಿ" ಬಿಟ್ಟುಹೋದ ಜಾಗಗಳನ್ನು ಹುಡುಕಿ ತಿದ್ದಿದೆ.

ಫಲಿತಾಂಶ: ಆಲಿಸುವುದು 8.5, ಓದುವುದು 8, ಮಾತು 7.5, ಬರವಣಿಗೆ 7. ಅರ್ಧ ಬ್ಯಾಂಡ್ ಬಂತು, 57 ಅಂಕ ಬಂತು, ಮೊತ್ತ 442. ಡಿಸೆಂಬರ್‌ನ ಒಂದು ಸುತ್ತಿನಲ್ಲಿ ಗೆರೆ ಅದಕ್ಕಿಂತ ಕೆಳಗಿಳಿದಾಗ ನನಗೆ ಕರೆ ಬಂತು. ಹುಟ್ಟುಹಬ್ಬಕ್ಕೆ ಮೂರು ವಾರ ಬಾಕಿ ಇತ್ತು.

ಆಮೇಲೆ?

2019ರ ಬೇಸಿಗೆಯಲ್ಲಿ ಬಫಲೋ ದಾಟಿ ಹೋಗಿ ಕೆನಡಾದ ಖಾಯಂ ನಿವಾಸಿಗಳಾಗಿ ಮುದ್ರೆ ಹಾಕಿಸಿಕೊಂಡು ಬಂದೆವು. ಮಗಳು ಶಾಲೆಯ ವರ್ಷ ಮುಗಿಸಲಿ, ಆಮೇಲೆ ಹೋಗೋಣ ಎಂದುಕೊಳ್ಳುವಷ್ಟರಲ್ಲಿ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಗಡಿ ಮುಚ್ಚಿತು. ಅದೇ ಅಕ್ಟೋಬರ್‌ನಲ್ಲಿ ವೀಸಾ ಬುಲೆಟಿನ್‌ನಲ್ಲಿ ಇಬಿ-3 ಅರ್ಜಿ ಹಾಕುವ ತಾರೀಖು 2015ರ ಜನವರಿಗೆ ಹಾರಿತು. ನಮ್ಮಂತೆ ಸಾವಿರಾರು ಜನ ಆ ಬಾಗಿಲಿನಲ್ಲಿ ಅರ್ಜಿ ಹಾಕಿದರು. 2022ರಲ್ಲಿ ನಮಗೆ ಗ್ರೀನ್‌ಕಾರ್ಡ್ ಬಂತು, ಮಗಳಿಗೂ ಬಂತು. ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರಬೇಕೆಂಬ ನಿಯಮ ನಾವು ಪಾಲಿಸಲಾಗಲಿಲ್ಲ, ಆ ಹಕ್ಕನ್ನು ಬಿಟ್ಟುಕೊಟ್ಟೆವು.

ಹಾಗಾದರೆ ಪರೀಕ್ಷೆ ವ್ಯರ್ಥವಾಯಿತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಆ ನಾಲ್ಕು ವರ್ಷ ನಾವು ರಾತ್ರಿ ನಿದ್ದೆ ಮಾಡಿದ್ದು ಆ ಕಾಗದದ ಬಲದಿಂದ. ಎಲ್ಲರಿಗೂ ನಮ್ಮ ಅದೃಷ್ಟ ಇರಲಿಲ್ಲ. ನಮಗೆ ಪರಿಚಯದ ಒಬ್ಬ ಹುಡುಗ ಆರು ವರ್ಷದವನಾಗಿ ಬಂದು, ಇಲ್ಲೇ ಓದಿ, 21 ತುಂಬಿದ ಮೇಲೆ ಕೆನಡಾಗೆ ಹಾಕಬೇಕಾಯಿತು. ಕನ್ನಡಕ್ಕಿಂತ ಇಂಗ್ಲಿಷೇ ಸಲೀಸು, ಮಾತಿಗೊಮ್ಮೆ "ಯಾಲ್" ಎನ್ನುವ ಹುಡುಗ. ಅವನೂ ತನಗೆ ಇಂಗ್ಲಿಷ್ ಬರುತ್ತದೆಂದು ಪರೀಕ್ಷೆ ಕೊಟ್ಟು ತೋರಿಸಬೇಕಾಯಿತು. ಮಾತಿನಲ್ಲಿ 9, ಬರವಣಿಗೆಯಲ್ಲಿ 6.5! ಅವನಿಗೂ ಇದೇ 20 ನಿಮಿಷ, 40 ನಿಮಿಷದ ಪಾಠ ಹೇಳಿದೆ. ಎರಡನೇ ಸಲ ದಾಟಿದ.

ಈಗ ಬರೆಯುವವರಿಗೆ

ಕಾಲ ಬದಲಾಗಿದೆ, ನನ್ನ 442 ಇಂದು ನಡೆಯುವುದಿಲ್ಲ. 2023ರಿಂದ ಕೆನಡಾ ಆರೋಗ್ಯ, ಫ್ರೆಂಚ್ ಭಾಷೆ ಮುಂತಾದ ವರ್ಗಗಳ ಪ್ರಕಾರ ಪ್ರತ್ಯೇಕ ಸುತ್ತು ನಡೆಸುತ್ತಿದೆ. 2024ರ ಸಾಮಾನ್ಯ ಸುತ್ತುಗಳಲ್ಲಿ ಗೆರೆ 520ರ ಮೇಲೇ ಇತ್ತು. ಉದ್ಯೋಗದ ಆಫರ್‌ಗೆ ಕೊಡುತ್ತಿದ್ದ ಹೆಚ್ಚುವರಿ ಅಂಕವನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದರು. ಹಾಗಾಗಿ ದುಡ್ಡು ಕಟ್ಟುವ ಮುಂಚೆ ನಿಮ್ಮ ಲೆಕ್ಕ ಹಾಕಿಕೊಳ್ಳಿ, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಹಾಕಿ ನೋಡಿ.

ಐಇಎಲ್‌ಟಿಎಸ್ ಒಂದೇ ದಾರಿಯಲ್ಲ. ಸೆಲ್ಪಿಪ್ ಎಂಬುದು ಕೆನಡಾದ್ದೇ ಪರೀಕ್ಷೆ, ಕಂಪ್ಯೂಟರಿನಲ್ಲಿ, ಮಾತಾಡುವುದೂ ಮೈಕಿಗೆ. 2024ರ ಜನವರಿ ಕೊನೆಯಿಂದ ಪಿಟಿಇ ಕೋರ್ ಕೂಡ ನಡೆಯುತ್ತದೆ (ಪಿಟಿಇ ಅಕಾಡೆಮಿಕ್ ಅಲ್ಲ, ನೆನಪಿರಲಿ). ಎದುರಿಗೆ ಮನುಷ್ಯ ಇದ್ದರೆ ನಾಲಿಗೆ ಒಣಗುವವರಿಗೆ ಮೈಕು ವಾಸಿ. ಮೈಕಿನ ಮುಂದೆ ಮಾತು ಹೊರಡದವರಿಗೆ ಐಇಎಲ್‌ಟಿಎಸ್ ವಾಸಿ. ಅಂಕಪಟ್ಟಿಗೆ ಎರಡು ವರ್ಷ ಆಯಸ್ಸು. ಕರೆ ಬಂದು ಪೂರ್ಣ ಅರ್ಜಿ ಹಾಕುವ ದಿನವೂ ಅದು ಜೀವಂತ ಇರಬೇಕು.

ಕೊನೆಯದಾಗಿ, ಆರು ವಾರ ಕೊಡಿ. ವಾರಕ್ಕೆ ಎರಡು ಪ್ರಬಂಧ ಬರೆದು ಬೇರೆಯವರಿಂದ ಓದಿಸಿ. ಮನೆಯವರು ಅಡುಗೆ ಮಾಡಲಿ, ಉಪ್ಪಿಟ್ಟಾದರೂ ಸರಿ. ಮೊದಲ ಸಲ ಅರ್ಧ ಬ್ಯಾಂಡ್ ತಪ್ಪಿದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಪತ್ರಿಕೆಗೆ ಹಚ್ಚಿಕೊಳ್ಳಿ.

ಅಂದಹಾಗೆ ಶಾರ್ಲಟ್‌ನ ಆ ಹುಡುಗಿ, ನೀನು ಇದನ್ನು ಓದುತ್ತಿದ್ದರೆ, ನಿನ್ನ ಮೊದಲ ಪ್ರಬಂಧ ನನಗೆ ಕಳಿಸು. ಗಾದೆಯಿಂದ ಶುರು ಮಾಡಿದ್ದರೆ ಮಾತ್ರ ವಾಪಸ್ ಕಳಿಸುತ್ತೇನೆ!

ಎಲ್ಲರಿಗೂ ಶುಭವಾಗಲಿ. ಮುಂದಿನ ಕಾರ್ಯಕ್ರಮದಲ್ಲಿ ಸಿಗೋಣ.